ಕೂಗದ ಡಬ್ಬಿ

ಕಳ್ಳ ಹಾಸಿಗೆ ಸರಿಮಾಡಿ ಹೋಗಿದ್ದ.

ನನ್ನ ಪೊಲೀಸ್ ಸರ್ವೀಸಿನಲ್ಲಿ ತರಹೇವಾರಿ ಕಳ್ಳರನ್ನು ನೋಡಿದ್ದೇನೆ. ಬೀರು ಒಡೆದವರು, ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ತಿಂದು ತೇಗಿದವರು, ಕದಿಯಲು ಹೋದ ಮನೆಯಲ್ಲೇ ಗೊರಕೆ ಹೊಡೆದು ಸಿಕ್ಕಿಬಿದ್ದವರು. ಆದರೆ ಬೆಡ್‌ಶೀಟನ್ನು ಸುಕ್ಕಿಲ್ಲದಂತೆ ಎಳೆದು, ನಾಲ್ಕು ಮೂಲೆಗಳನ್ನೂ ಲಕೋಟೆಯ ಹಾಗೆ ಮಡಚಿ, ಹಾಸಿಗೆಯ ಕೆಳಗೆ ಸಿಗಿಸಿ ಹೋದವನು? ಊಹೂಂ. ಇವನೇ ಮೊದಲಿಗ.

ಅದೂ ಅವತ್ತು ಬೆಳಗ್ಗೆ ತಾನೇ ಪ್ರಾಣ ಬಿಟ್ಟವರ ಹಾಸಿಗೆ.

ತೀರಿಕೊಂಡವರು ಆ ಮನೆಯ ಯಜಮಾನರು. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರು ಮತ್ತೆ ಎದ್ದಿರಲಿಲ್ಲ. ನೋಡಿಕೊಳ್ಳಲು ಮಗಳೊಬ್ಬಳೇ. ಬೆಳಗಿನ ಜಾವ ಎದ್ದು ನೋಡಿದರೆ ಅಪ್ಪನ ತುಟಿ ನೀಲಿ. ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಓಡಿದಳು. ಅಲ್ಲಿ ಡಾಕ್ಟರು ಕೈಚೆಲ್ಲಿದರು. ಗಂಟಲಿಗೆ ಕಫ ಕಟ್ಟಿ ಉಸಿರು ನಿಂತಿದೆ, ಆಗಲೇ ಯಾರಾದರೂ ಮಗ್ಗುಲಿಗೆ ಹೊರಳಿಸಿದ್ದರೆ ಉಳಿಯುತ್ತಿದ್ದರು ಎಂದರಂತೆ. ಕಾಗದಪತ್ರಕ್ಕೆಂದು ಅಣ್ಣನ ಜೊತೆ ಮನೆಗೆ ಬಂದು ನೋಡಿದರೆ ಹಿಂಬಾಗಿಲ ಚಿಲಕ ಮೀಟಿ ಕಿತ್ತಿದೆ. ಬಳೆ ಬೀರುವಿನಲ್ಲೇ ಇವೆ. ಟಿ.ವಿ. ಇದ್ದಲ್ಲೇ ಇದೆ. ಹೋಗಿರುವುದು ಒಂದೇ ವಸ್ತು. ಮಂಚದ ತಲೆದೆಸೆಗೆ ಸ್ಕ್ರೂ ಹಾಕಿ ಕೂರಿಸಿದ್ದ, ಅಂಗೈಯಗಲದ ಬಿಳಿ ಡಬ್ಬಿ.

“ಅದಕ್ಕೆ ಕಾವಲು ಅಂತ ಹೆಸರು ಮೇಡಮ್,” ಎಂದಳು ಮಗಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. “ಹಾಸಿಗೆ ಕೆಳಗೆ ಒಂದು ಪಟ್ಟಿ ಇರುತ್ತೆ, ಅದನ್ನೂ ಒಯ್ದಿದ್ದಾರೆ. ಅದು ಉಸಿರಾಟ ನೋಡ್ಕೋತಾ ಇರುತ್ತೆ. ಉಸಿರು ತಪ್ಪಿದ್ರೆ ಡಬ್ಬಿ ಕೂಗುತ್ತೆ. ಎಲ್ಲ ಸರಿ ಇದ್ರೆ ಹಸಿರು ದೀಪ.”

“ಎಲ್ಲಿ ತಗೊಂಡ್ರಿ?” ಎಂದರು ನಮ್ಮ ಇನ್ಸ್‌ಪೆಕ್ಟರ್ ಮೇಡಮ್.

“ಅಂಗಡೀಲಿ ಇನ್ನೂ ಬಂದಿಲ್ಲ. ಕಂಪನಿಯವ್ರು ಕೆಲವು ಮನೆಗಳಲ್ಲಿ ಇಟ್ಟು ಪರೀಕ್ಷೆ ಮಾಡ್ತಿದಾರೆ. ನಮಗೂ ಕೊಟ್ರು.”

“ನಿನ್ನೆ ರಾತ್ರಿ ಕೂಗಲಿಲ್ಲ.”

“ಇಲ್ಲ.”

ಗೋಡೆಗೆ ಒರಗಿದ್ದ ಅಣ್ಣ ಅಷ್ಟಕ್ಕೇ ಕಾಯುತ್ತಿದ್ದವನಂತೆ ಮುಂದೆ ಬಂದ. ಊರಾಚೆ ಟೈರ್ ಅಂಗಡಿ ಇಟ್ಟವನು. ಕೈಯಲ್ಲಿ ಇನ್ನೂ ರಬ್ಬರಿನ ಮಸಿ.

“ಹೇಗೆ ಕೂಗುತ್ತೆ? ಪ್ಲಗ್ ಕಿತ್ತಿದ್ಲಲ್ಲ! ಇಸ್ತ್ರಿ ಮಾಡೋಕೆ ಅಂತ ಡಬ್ಬಿ ಪ್ಲಗ್ ಕಿತ್ತಿದ್ದಾಳೆ. ವಾಪಸ್ ಹಾಕಿಲ್ಲ. ಮರ್ತು ಮಲಗಿದ್ದಾಳೆ. ಅಪ್ಪ ಹೋದ್ರು. ಈಗ ಯಾರಿಗೂ ಗೊತ್ತಾಗಬಾರದು ಅಂತ ಡಬ್ಬೀನೇ ಬಚ್ಚಿಟ್ಟಿದ್ದಾಳೆ. ನೋಡಿ ಮೇಡಮ್ ಆ ಹಾಸಿಗೆ. ಈ ಮನೇಲಿ ಮೂಲೆ ಹಂಗೆ ಮಡಚೋದು ಇವಳೊಬ್ಬಳೇ.”

ಮಗಳು ತಲೆ ಎತ್ತಲಿಲ್ಲ. “ಪ್ಲಗ್ ಕಿತ್ತಿದ್ದು ನಿಜ ಮೇಡಮ್. ಆ ಗೋಡೇಲಿ ಇರೋದೇ ಒಂದು ಪ್ಲಗ್ ಪಾಯಿಂಟು. ಮತ್ತೆ ಹಾಕ್ದೆ ಅಂತ ನೆನಪು. ದೀಪ ಹತ್ತಿತಾ ಅಂತ ನೋಡಿದ್ನೋ ಇಲ್ವೋ... ಎಷ್ಟು ತಲೆ ಚಚ್ಕೊಂಡ್ರೂ ನೆನಪಾಗ್ತಿಲ್ಲ. ಆದ್ರೆ ಹಾಸಿಗೆ ನಾನು ಮುಟ್ಟಿಲ್ಲ. ಅಪ್ಪನ್ನ ಎತ್ತುವಾಗ ಬೆಡ್‌ಶೀಟ್ ಅರ್ಧ ನೆಲಕ್ಕೆ ಜಾರಿತ್ತು. ಹಂಗೇ ಬಿಟ್ಟು ಓಡ್ದೆ.”

ಅಪ್ಪನನ್ನು ಕೊಂದದ್ದು ತಾನೋ ಅಲ್ಲವೋ ಎಂದು ತಿಳಿಯಲು ಅವಳಿಗಿದ್ದ ಒಂದೇ ಸಾಕ್ಷಿ ಆ ಡಬ್ಬಿ. ಅದನ್ನು ಯಾರೋ ಹೊತ್ತುಕೊಂಡು ಹೋಗಿದ್ದರು.

“ಡಬ್ಬಿ ಬರೋ ಮುಂಚೆ ರಾತ್ರಿ ಹೇಗೆ ನೋಡ್ಕೋತಿದ್ರಿ?” ಮೇಡಮ್ ಕೇಳಿದರು.

“ಮಂಚದ ಕೆಳಗೇ ಮಲಗ್ತಿದ್ದೆ. ಅಪ್ಪನ ಸರಿ ಇರೋ ಕೈಗೊಂದು ದಾರ, ಅದರ ಇನ್ನೊಂದು ತುದಿ ನನ್ನ ಮಣಿಕಟ್ಟಿಗೆ. ಏನಾದ್ರೂ ಆದ್ರೆ ಎಳೀತಿದ್ರು. ಡಬ್ಬಿ ಬಂದ್ಮೇಲೆ ದಾರ ಬಿಚ್ಚಿಬಿಡು, ಪಕ್ಕದ ರೂಮಲ್ಲಿ ಹಾಯಾಗಿ ಮಲಗು, ನೀನೂ ಮನುಷ್ಯಳೇ ಅಂತ ಅಕ್ಕ ಹೇಳಿದ್ರು.”

“ಯಾವ ಅಕ್ಕ?”

“ನಾನೇ,” ಎಂಬ ದನಿ ಒಲೆಯ ಕಡೆಯಿಂದ ಬಂತು.

ಐವತ್ತರ ಆಸುಪಾಸಿನ ಹೆಂಗಸು. ನರೆತ ಕೂದಲು, ಹತ್ತಿಯ ಬಟ್ಟೆ, ಹೆಗಲಿಗೊಂದು ದೊಡ್ಡ ಚೀಲ. ಅಷ್ಟು ಹೊತ್ತೂ ಸದ್ದಿಲ್ಲದೆ ಎಲ್ಲರಿಗೂ ಚಹಾ ಮಾಡುತ್ತಿದ್ದರು. ಕಂಪನಿಯ ಸಂಶೋಧನಾ ವಿಭಾಗದವರಂತೆ. ಯಂತ್ರ ಕಟ್ಟುವವರ ನಡುವೆ ಮನುಷ್ಯರ ಬಗ್ಗೆ ಯೋಚಿಸಲಿಕ್ಕೆಂದೇ ಇಟ್ಟುಕೊಂಡ ಅಧಿಕಾರಿ. ವಾರವಾರ ಮನೆಮನೆಗೆ ಹೋಗಿ, ಈ ಡಬ್ಬಿಯಿಂದ ಯಾರಿಗೆ ತೊಂದರೆ, ಯಾರಿಗೆ ನೆಮ್ಮದಿ ಎಂದು ಕೇಳುವುದು ಅವರ ಕೆಲಸ. ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರಿಗೂ ಅಕ್ಕ.

ಅಕ್ಕ ಮಗಳ ತಲೆ ನೇವರಿಸಿದರು. “ಅಳಬೇಡ ಕಣೆ. ಒಂದು ಪ್ಲಗ್ ಮರೆಯೋದು ಯಾರ ಕೈಲಾದ್ರೂ ಆಗುತ್ತೆ. ನಿನ್ನನ್ನ ಯಾರೂ ದೂರಲ್ಲ.”

ನನಗೆ ಆ ಹೆಂಗಸಿನ ಮೇಲೆ ಎಂಥ ಗೌರವ ಬಂತೆಂದರೆ, ಮೇಡಮ್ ಆಚೆ ಹೋದ ಕೂಡಲೇ ಕೇಳಿಯೇಬಿಟ್ಟೆ. “ಅಕ್ಕ, ನಮ್ಮ ಅತ್ತೆಗೂ ವಯಸ್ಸಾಯ್ತು. ಒಂದು ಡಬ್ಬಿ ಸಿಗಬಹುದಾ?”

“ಪರೀಕ್ಷೆ ಮುಗೀಲಿ. ಖಂಡಿತ ನೋಡೋಣ,” ಎಂದು ನಕ್ಕರು.

“ರೇಡಿಯೋ!” ಅಂಗಳದಿಂದ ಮೇಡಮ್ ಕೂಗಿದರು. ಸ್ಟೇಷನ್ನಿನಲ್ಲಿ ನನಗಿರುವ ಹೆಸರು ಅದು. ಕಾರಣ ಬಿಡಿಸಿ ಹೇಳಬೇಕಿಲ್ಲ. “ಆಫ್ ಮಾಡಿ ಜೀಪ್ ತೆಗೀರಿ.”

* * *

“ಡಬ್ಬಿ ಯಾರು ಕದೀತಾರೆ ಮೇಡಮ್? ಮಾರಿದ್ರೆ ನಾಲ್ಕು ಕಾಸೂ ಹುಟ್ಟಲ್ಲ,” ಎಂದೆ ದಾರಿಯಲ್ಲಿ.

“ಇನ್ನೊಂದು ಕಂಪನಿಯವ್ರು ಕದೀಬಹುದು. ಒಳಗೇನಿದೆ ಅಂತ ನೋಡೋಕೆ.”

ನಾನು ಸ್ಟೀರಿಂಗ್ ಮೇಲೆ ಕೈ ತಟ್ಟಿದೆ. “ಅದೇ ಸರಿ!”

“ಸರಿ ಅಲ್ಲ. ಹಂಗಿದ್ರೆ ಇಷ್ಟು ದಿನ ಯಾಕೆ ಸುಮ್ನಿದ್ರು? ಮೇಷ್ಟ್ರು ಸತ್ತ ದಿನಾನೇ ಯಾಕೆ ಬರಬೇಕು?”

ರೇಡಿಯೋ ತಾನಾಗಿಯೇ ಆಫ್ ಆಯಿತು.

ಕಂಪನಿಯ ಸಂಶೋಧನಾ ಕಟ್ಟಡ ಊರಿನ ಕೈಗಾರಿಕಾ ಪ್ರದೇಶದ ಕೊನೆಯಲ್ಲಿತ್ತು. ಒಳಗೆ ಹೊಸ ಬಣ್ಣದ ವಾಸನೆ. ಗೋಡೆಯ ತುಂಬ ದೊಡ್ಡ ಅಕ್ಷರಗಳಲ್ಲಿ “ಮೊದಲು ಮನುಷ್ಯ, ಆಮೇಲೆ ಯಂತ್ರ” ಎಂದು ಬರೆಸಿದ್ದರು. ಓದಿ ನನಗೆ ಖುಷಿಯೇ ಆಯಿತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಗಾಜಿನ ಕೋಣೆಯಲ್ಲಿ ಸಂಶೋಧನೆಯ ಮುಖ್ಯಸ್ಥರು ಕೂತಿದ್ದರು. ಸಾವಿನ ಸುದ್ದಿ ಕೇಳಿ ಚಹಾದ ಕಪ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

“ಯಾರು ಸತ್ರು? ಯಾವ ಮನೆ? ನಮಗೆ ಯಾರೂ ಹೇಳೇ ಇಲ್ವಲ್ಲ!”

“ನಿಮ್ಮ ಅಕ್ಕನಿಗೆ ಬೆಳಗಿನಿಂದ ಗೊತ್ತು,” ಎಂದರು ಮೇಡಮ್.

“ಅವ್ರು ಆ ಮನೆಯವ್ರ ಜೊತೆ ಇರ್ತಾರೆ ಪಾಪ. ಎಲ್ಲ ಮನೆಯವರನ್ನೂ ಅವರೇ ಸಂಭಾಳಿಸೋದು. ನೋಡಿ, ಇಲ್ಲಿ ಒಂದು ಯಂತ್ರವೂ ಅಕ್ಕನ ಒಪ್ಪಿಗೆ ಇಲ್ದೆ ಹೊಸ್ತಿಲು ದಾಟಲ್ಲ. ನ್ಯಾಯ, ನೀತಿ, ಜನರ ಕಷ್ಟಸುಖ, ಎಲ್ಲ ಅವರ ವಿಭಾಗ. ನಾವು ಆ ಕಡೆ ತಲೆ ಹಾಕಲ್ಲ.”

“ಹಾಕಲ್ಲ?”

“ಹಾಕೋ ಅಗತ್ಯ ಏನಿದೆ? ಅದಕ್ಕೇ ಅವರನ್ನ ಇಟ್ಕೊಂಡಿರೋದು.”

ಮೇಡಮ್ ಮುಖದಲ್ಲಿ ಏನೂ ಕಾಣಲಿಲ್ಲ. ಡಬ್ಬಿ ತಯಾರಿಸಿದವರನ್ನು ತೋರಿಸಿ ಎಂದರು.

ತಯಾರಿಸಿದವನು ದಪ್ಪ ಕನ್ನಡಕದ ಇಂಜಿನಿಯರ್. ಎದುರಿಗೆ ದೊಡ್ಡ ಪರದೆ. ಅದರ ಮೇಲೆ ಸಾಲುಸಾಲು ಗೆರೆಗಳು ಏರಿ ಇಳಿಯುತ್ತಿದ್ದವು. ಒಂದೊಂದು ಗೆರೆ ಒಂದೊಂದು ಮನೆಯ ಉಸಿರು. ಹೆಸರಿಲ್ಲ, ವಿಳಾಸವಿಲ್ಲ, ಬರೀ ನಂಬರು. ಯಾವ ನಂಬರು ಯಾರ ಮನೆಯದು ಎಂಬುದು ಅಕ್ಕನಿಗೆ ಮಾತ್ರ ಗೊತ್ತಂತೆ. ಮನೆಯವರ ಗುಟ್ಟು ಕಾಪಾಡಲು ಹಾಗೆ ಮಾಡಿದ್ದು.

ಮೇಷ್ಟ್ರು ತೀರಿಕೊಂಡರು ಎಂದದ್ದೇ ತಡ, ಕನ್ನಡಕದವನು ಕುರ್ಚಿಯಲ್ಲಿ ಕುಸಿದ. ಹಣೆಯ ಮೇಲೆ ಬೆವರು ಒಡೆಯಿತು. ಸಿಕ್ಕಿಬಿದ್ದ ನನ್ಮಗ ಎಂದುಕೊಂಡು ನಾನು ಬಾಗಿಲಿಗೆ ಅಡ್ಡ ನಿಂತೆ.

“ನಾನೇ ಕಾರಣ,” ಎಂದ ಅವನು.

“ಯಾತಕ್ಕೆ?”

“ಡಬ್ಬಿ ಚಿಕ್ಕಪುಟ್ಟದಕ್ಕೆಲ್ಲ ಕೂಗುತ್ತೆ ಅಂತ ಮನೆಗಳಿಂದ ದೂರು ಬರ್ತಿತ್ತು. ಹೋದ ವಾರ ಅದರ ಕಿವಿ ಸ್ವಲ್ಪ ಮಂದ ಮಾಡ್ದೆ. ತುಂಬಾ ಮಂದ ಮಾಡಿಬಿಟ್ಟೆ ಅನ್ಸುತ್ತೆ. ನೋಡಿ ಮೇಡಮ್. ನಿನ್ನೆ ರಾತ್ರಿ ಒಂದು ಗೆರೆನೂ ನಿಂತಿಲ್ಲ. ಮನುಷ್ಯ ಸತ್ತುಹೋಗಿದಾರೆ, ನನ್ನ ಯಂತ್ರ ಇನ್ನೂ ಉಸಿರಾಡ್ತಿದಾರೆ ಅಂತಿದೆ!”

ನಾನು ಪರದೆಯನ್ನು ನೋಡಿದೆ. ಇವುಗಳಲ್ಲಿ ಸತ್ತವರ ಉಸಿರು ಯಾವುದು?

ಮೇಡಮ್ ಮಾತ್ರ ಪರದೆಯ ಹತ್ತಿರ ಹೋಗಿ ನಿಧಾನವಾಗಿ ಕೇಳಿದರು. “ಈಗಲೂ ಎಲ್ಲ ಗೆರೆ ಓಡ್ತಿವೆಯಾ?”

“ಎಲ್ಲವೂ.”

“ಮೇಷ್ಟ್ರ ಮಂಚದಿಂದ ಆ ಡಬ್ಬೀನ ಯಾರೋ ಕಿತ್ಕೊಂಡು ಹೋಗಿದ್ದಾರೆ.”

ಕನ್ನಡಕದವನು ಕಣ್ಣುಕಣ್ಣು ಬಿಟ್ಟ. “ಕಿತ್ಕೊಂಡು? ಹಂಗಾದ್ರೆ ಒಂದು ಗೆರೆ ನಿಂತುಹೋಗಬೇಕಲ್ಲ!”

“ನಿಂತಿಲ್ಲ.”

“ನಿಂತಿಲ್ಲ...” ಅವನು ಪರದೆಯ ಗೆರೆಗಳನ್ನು ಮತ್ತೊಮ್ಮೆ ಎಣಿಸಿದ. “ಅಂದ್ರೆ ಆ ಡಬ್ಬಿ ಇದರಲ್ಲಿ ಇರ್ಲೇ ಇಲ್ಲ.”

ಮೇಡಮ್ ಮೇಜಿನ ಮೇಲಿದ್ದ ಒಂದು ಡಬ್ಬಿ ತೋರಿಸಿದರು. ಹಸಿರು ದೀಪ ಉರಿಯುತ್ತಿತ್ತು. “ಇದರ ಪ್ಲಗ್ ಕಿತ್ರೆ ಏನಾಗುತ್ತೆ?”

ಅವನು ಕಿತ್ತ.

ಡಬ್ಬಿ ಕೂಗಿದ ರಭಸಕ್ಕೆ ನಾನು ಹಾರಿ ಬೀಳುವುದೊಂದು ಬಾಕಿ. ಪಕ್ಕದ ಕೋಣೆಗಳಿಂದ ತಲೆಗಳು ಇಣುಕಿದವು.

“ಒಳಗೆ ಬ್ಯಾಟರಿ ಇದೆ,” ಅವನು ಕೂಗಿನ ಮೇಲೆ ಕೂಗಿ ಹೇಳಿದ. “ಪ್ಲಗ್ ಹಾಕೋತನಕ ಬಾಯಿ ಮುಚ್ಚಲ್ಲ. ಮನೆಯವ್ರು ಮರೀತಾರೆ ಅಂತ ನಾವೇ ಹಿಂಗೆ ಮಾಡಿರೋದು. ಪಟ್ಟಿ ಸಿಗಿಸಿದ್ರೆ, ಹಾಸಿಗೆಯಿಂದ ಎದ್ದು ಹೋದ್ರೂ ಇದೇ ಕೂಗು.”

“ಇದು ಇಲ್ಲಿ ಎಲ್ಲರಿಗೂ ಗೊತ್ತಾ?”

“ಬಾಗಿಲು ಕಾಯೋರಿಗೂ ಗೊತ್ತು. ದಿನಾ ಕೇಳ್ತಾರಲ್ಲ.”

“ಕೂಗದೇ ಇರೋ ಡಬ್ಬಿ ಯಾವುದಾದ್ರೂ ಮಾಡಿದ್ದೀರಾ?”

ಕನ್ನಡಕದವನು ಇಲ್ಲ ಎನ್ನಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು. ಆಮೇಲೆ ಅವನು ಹೇಳಿದ ಮಾತು ಕೇಳಿ ಮೇಡಮ್ ಕುರ್ಚಿ ಎಳೆದುಕೊಂಡು ಕೂತರು. ಅವರು ನಿಂತ ಕಾಲಲ್ಲೇ ಕೆಲಸ ಮುಗಿಸುವವರು. ಕೂತದ್ದನ್ನು ನಾನು ಕಂಡದ್ದು ಕಮ್ಮಿ.

* * *

ಸಂಜೆ ಬಿಸಿಲು ಓರೆಯಾಗುವ ಹೊತ್ತಿಗೆ ಮತ್ತೆ ಮೇಷ್ಟ್ರ ಮನೆ. ಜೀಪಿನಲ್ಲಿ ಕನ್ನಡಕದವನೂ ಇದ್ದ, ಅವನ ತೊಡೆಯ ಮೇಲೆ ಆ ಕೂಗುವ ಡಬ್ಬಿಯೂ ಬ್ಯಾಟರಿ ಬಿಚ್ಚಿಸಿಕೊಂಡು ಕೂತಿತ್ತು. ಮನೆಯಲ್ಲಿ ಅಣ್ಣ ಯಾರಿಗೋ ಫೋನಿನಲ್ಲಿ “ಅವಳ ಬೇಜವಾಬ್ದಾರಿಯಿಂದಲೇ” ಎನ್ನುತ್ತಿದ್ದ. ಮಗಳು ಅದೇ ಸ್ಟೂಲಿನ ಮೇಲೆ. ಪಕ್ಕದಲ್ಲಿ ಅಕ್ಕ, ಅವಳ ಕೈ ಹಿಡಿದುಕೊಂಡು.

ಮೇಡಮ್ ಎಲ್ಲರನ್ನೂ ಮೇಷ್ಟ್ರ ಕೋಣೆಗೆ ಕರೆದರು. ಕನ್ನಡಕದವನು ಡಬ್ಬಿಯನ್ನು ಮಂಚದ ಮೇಲಿಟ್ಟು, ಪ್ಲಗ್ ಹಾಕಿ, ಬ್ಯಾಟರಿ ಕೂರಿಸಿದ. ಹಸಿರು ದೀಪ ಹತ್ತಿತು.

“ಇಸ್ತ್ರಿ ಮಾಡೋಕೆ ಮುಂಚೆ ಏನು ಮಾಡಿದ್ರೋ ಅದನ್ನ ಈಗ ಮಾಡಿ,” ಎಂದು ಮೇಡಮ್ ಮಗಳಿಗೆ ಹೇಳಿದರು.

ಅವಳು ಪ್ಲಗ್ ಕಿತ್ತಳು.

ಡಬ್ಬಿ ಕೂಗಿತು. ಅವಳು ಚೀರಿ ಗೋಡೆಗೆ ಅಂಟಿಕೊಂಡಳು. ಅಣ್ಣನ ಫೋನು ನೆಲಕ್ಕೆ ಬಿತ್ತು. ಕನ್ನಡಕದವನು ಮತ್ತೆ ಪ್ಲಗ್ ಹಾಕಿದ ಮೇಲೂ ಆ ಕೂಗು ಕಿವಿಯಲ್ಲೇ ಉಳಿಯಿತು.

“ಇದು... ಇದು ಹಿಂಗೆ ಕೂಗುತ್ತಾ?” ಮಗಳು ಕೇಳಿದಳು. “ನಾನು ಒಂದ್ಸಲಾನೂ ಕೇಳಿಲ್ಲ. ಎಷ್ಟೋ ಸಲ ಪ್ಲಗ್ ಕಿತ್ತಿದ್ದೀನಿ. ಅಪ್ಪನ್ನ ಎತ್ತಿ ಕುರ್ಚೀಲಿ ಕೂರಿಸಿದ್ದೀನಿ. ನಮ್ಮನೇದು ಯಾವತ್ತೂ ಕೂಗೇ ಇಲ್ಲ.”

“ಕೂಗೋಕೆ ಆಗ್ತಿರ್ಲಿಲ್ಲ. ನಿಮ್ಮನೇದು ಖಾಲಿ ಡಬ್ಬಿ.”

ಬೀದಿಯಲ್ಲಿ ಯಾರೋ ಸ್ಕೂಟರ್ ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದ ಸದ್ದು ಕೇಳುತ್ತಿತ್ತು.

“ಒಂದು ವಿಷಯ ಹೇಳಿ,” ಮೇಡಮ್ ಮಗಳ ಕಡೆ ತಿರುಗಿದರು. “ಪ್ಲಗ್ ಮಾತು ಮೊದಲು ಎತ್ತಿದ್ದು ಯಾರು? ನಿಮ್ಮಣ್ಣನಾ?”

“ಅಲ್ಲ.” ಅವಳು ಯೋಚಿಸಿದಳು. “ಬೆಳಗ್ಗೆ ಡಬ್ಬಿ ಕೂಗಲಿಲ್ಲ ಅಂತ ಫೋನ್ ಮಾಡಿದಾಗ... ಪ್ಲಗ್ ಸರಿಯಾಗಿ ಹಾಕಿದ್ಯಾ, ಜ್ಞಾಪಿಸ್ಕೋ ಅಂತ ಅಕ್ಕ...”

ಅವಳು ಮೆಲ್ಲಗೆ ಪಕ್ಕಕ್ಕೆ ತಿರುಗಿದಳು. ಅಕ್ಕ ಅವಳ ಕೈಯನ್ನು ಇನ್ನೂ ಹಿಡಿದುಕೊಂಡೇ ಇದ್ದರು.

“ಪ್ಲಗ್ ಕಿತ್ರೆ ಡಬ್ಬಿ ಬೀದಿಗೆಲ್ಲ ಕೇಳೋ ಹಾಗೆ ಕೂಗುತ್ತೆ ಅನ್ನೋದು ನಿಮ್ಮ ಕಟ್ಟಡದಲ್ಲಿ ಬಾಗಿಲು ಕಾಯೋರಿಗೂ ಗೊತ್ತು,” ಎಂದರು ಮೇಡಮ್. “ನಿಮಗೆ ಗೊತ್ತಿರಲಿಲ್ವಾ ಅಕ್ಕ? ಗೊತ್ತಿತ್ತು. ಈ ಮನೆ ಡಬ್ಬಿ ಕೂಗಲ್ಲ ಅನ್ನೋದೂ ಗೊತ್ತಿತ್ತು. ಅದಕ್ಕೇ ಈ ಹುಡುಗಿ ತಲೇಲಿ ಪ್ಲಗ್ ಅನ್ನೋ ಹುಳ ಬಿಟ್ರಿ. ಆಂಬುಲೆನ್ಸ್ ಹೊರಟಿದ್ದು, ಮನೆ ಖಾಲಿ ಇದ್ದದ್ದು ಗೊತ್ತಿದ್ದದ್ದು ಇಬ್ಬರಿಗೆ. ನಿಮಗೆ ಮತ್ತು ಅಣ್ಣನಿಗೆ. ಆಸ್ಪತ್ರೆಯ ದಾಖಲಾತಿ ಕೌಂಟರಿನವ್ರು ಹೇಳಿದ್ರು, ಊರಾಚೆಯಿಂದ ಬಂದ ಅಣ್ಣ ಮೊದಲು ತಲುಪಿದ. ಆಸ್ಪತ್ರೆ ಹಿಂದಿನ ಬೀದೀಲೇ ಮನೆ ಇರೋ ನೀವು ಆಮೇಲೆ ಬಂದ್ರಿ. ಮಧ್ಯದಲ್ಲಿ ಎಲ್ಲಿಗೆ ಹೋಗಿದ್ರಿ?”

ಅಕ್ಕ ಹೆಗಲಿನ ಚೀಲವನ್ನು ಮೈಗೆ ಒತ್ತಿಕೊಂಡರು.

“ಪಟ್ಟಿ ತೆಗೀಬೇಕಾದ್ರೆ ಹಾಸಿಗೆ ಎತ್ತಬೇಕಿತ್ತು. ಎತ್ತಿ, ಕೆಳಗಿಟ್ಟು, ಅಭ್ಯಾಸಬಲದಿಂದ ಬೆಡ್‌ಶೀಟ್ ಎಳೆದು ಮೂಲೆ ಮಡಚಿದ್ರಿ. ಈ ಮನೇಲಿ ಹಾಗೆ ಮಡಚೋದು ಒಬ್ಬಳೇ ಅಂತ ಅಣ್ಣ ಹೇಳಿದ್ದು ನಿಜ.” ಮೇಡಮ್ ಮಗಳನ್ನು ಕೇಳಿದರು. “ಅದನ್ನ ನಿಮಗೆ ಹೇಳಿಕೊಟ್ಟಿದ್ದು ಯಾರು?”

ಮಗಳು ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅಷ್ಟೇ ಸಾಕಾಗಿತ್ತು.

ಅಕ್ಕ ಹೆಗಲಿನ ಚೀಲ ಇಳಿಸಿ, ಛತ್ರಿ ಸರಿಸಿ, ತಳದಿಂದ ಸುತ್ತಿದ ಪಟ್ಟಿಯನ್ನೂ ಬಿಳಿ ಡಬ್ಬಿಯನ್ನೂ ತೆಗೆದು ಮಂಚದ ಮೇಲಿಟ್ಟರು. ಬೆಳಗಿನಿಂದ ಅದು ನಮ್ಮ ಮೂಗಿನ ಕೆಳಗೇ ಇತ್ತು. ನಾನು ಆ ಚೀಲದ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದೆ.

ಕನ್ನಡಕದವನು ಸ್ಕ್ರೂ ಬಿಚ್ಚಿದ. ಒಳಗೆ ಒಂದು ಪುಟ್ಟ ದೀಪ, ಎರಡು ವೈರು, ಒಂದು ಕಬ್ಬಿಣದ ತುಂಡು.

“ಈ ಕಬ್ಬಿಣ ಯಾತಕ್ಕೆ?” ಅಣ್ಣ ಕೇಳಿದ.

“ತೂಕಕ್ಕೆ,” ಎಂದ ಕನ್ನಡಕದವನು. ಅವನ ಕಣ್ಣು ತುಂಬಿತ್ತು. “ಅಂಗಡಿ ಕಪಾಟಲ್ಲಿ ತೋರಿಸೋಕೆ ಕೆಲವು ಖಾಲಿ ಡಬ್ಬಿ ಬೇಕು, ಕೈಗೆತ್ತಿಕೊಂಡ್ರೆ ನಿಜವಾದದ್ದರ ಹಾಗೇ ಭಾರ ಇರಬೇಕು ಅಂತ ಅಕ್ಕ ಮಾಡಿಸಿದ್ರು. ಅಂಗಡಿಗೆ ಅಂದ್ರು. ಮನೆಗೆ ಅಂತ ಹೇಳಿದ್ರೆ ನಾನು... ನಾನು...”

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಆಘಾತವಾಗುತ್ತಿರಲಿಲ್ಲ. ಗಾಜಿನ ಕೋಣೆಯ ಆ ಮುಖ್ಯಸ್ಥ ಆಗಿದ್ದರೆ ಹೂಂ ಎಂದು ತಲೆಯಾಡಿಸುತ್ತಿದ್ದೆ. ಇಡೀ ಕಂಪನಿಯಲ್ಲಿ ಮನುಷ್ಯರ ಪರವಾಗಿ ಮಾತಾಡಲಿಕ್ಕೆಂದೇ ಸಂಬಳ ತೆಗೆದುಕೊಳ್ಳುವ ಒಂದು ಜೀವ, ಅದೂ ಇಷ್ಟು ಮೆತ್ತಗೆ ಮಾತಾಡುವ ಜೀವ, ಇಂಥ ಕೆಲಸ ಮಾಡುವುದೆಂದರೆ ಹೇಗೆ?

“ಯಾಕೆ?” ಮೇಡಮ್ ಕೇಳಿದರು.

ಅಕ್ಕ ಮಾತಾಡತೊಡಗಿದರು. ದನಿ ಆಗಲೂ ಮೆತ್ತಗೇ ಇತ್ತು.

“ಇಂಜಿನಿಯರುಗಳಿಗೆ ಯಂತ್ರ ಕೆಲಸ ಮಾಡಿದ್ರೆ ಸಾಕು. ಅದು ಬಂದ್ಮೇಲೆ ಮನೇಲಿ ಏನು ಬದಲಾಗುತ್ತೆ ಅಂತ ಯಾರೂ ಕೇಳ್ತಿರ್ಲಿಲ್ಲ. ಕೇಳಬೇಕು ಅಂತ ಜಗಳ ಆಡಿ ಈ ವಿಭಾಗ ಕಟ್ಟಿದವಳು ನಾನು. ರೋಗಿಗಿಂತ ರೋಗಿನ ನೋಡ್ಕೊಳ್ಳೋರು ಮೊದಲು ಸಾಯ್ತಾರೆ. ನಿದ್ದೆ ಇಲ್ದೆ, ಭಯದಲ್ಲಿ. ಡಬ್ಬಿ ಬಂದ್ರೆ ಅವರಿಗೆ ನೆಮ್ಮದಿ ಬರುತ್ತೆ. ಆದ್ರೆ ಆ ನೆಮ್ಮದಿ ಯಂತ್ರದಿಂದ ಬರುತ್ತಾ, ಯಂತ್ರ ಇದೆ ಅನ್ನೋ ನಂಬಿಕೆಯಿಂದ ಬರುತ್ತಾ? ಅದು ಗೊತ್ತಾಗಬೇಕಿತ್ತು. ಅರ್ಧ ಮನೆಗೆ ನಿಜವಾದದ್ದು, ಅರ್ಧ ಮನೆಗೆ ಖಾಲಿ. ಮುಖ್ಯಸ್ಥರಿಗೆ ಎರಡು ಗುಂಪು ಮಾಡ್ತೀನಿ ಅಂದೆ. ಸರಿ ಅಂದ್ರು. ಹೇಗೆ ಅಂತ ಕೇಳಲಿಲ್ಲ.”

“ಮನೆಯವ್ರಿಗೆ ಹೇಳಲಿಲ್ಲ.”

“ಹೇಳಿದ್ರೆ ನಂಬಿಕೆ ಎಲ್ಲಿರುತ್ತೆ? ಏನನ್ನ ಅಳೆಯೋದು?”

ಮಗಳು ಮೊದಲ ಬಾರಿ ತಲೆ ಎತ್ತಿ ಅವರನ್ನು ನೇರವಾಗಿ ನೋಡಿದಳು. “ಪ್ರತಿ ವಾರ ಬಂದು ನಿದ್ದೆ ಚೆನ್ನಾಗಿ ಬಂತಾ ಅಂತ ಕೇಳ್ತಿದ್ರಲ್ಲ ಅಕ್ಕ. ನನ್ನನ್ನ ಅಷ್ಟು ಪ್ರೀತಿಯಿಂದ ಕೇಳೋರು ಇವರೊಬ್ಬರೇ ಅಂದ್ಕೊಂಡಿದ್ದೆ. ಅದು...”

“ಪ್ರೀತೀನೂ ಇತ್ತು,” ಎಂದರು ಅಕ್ಕ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. “ಅಪಾಯ ಆಗಬಾರದು ಅಂತ ಆರಿಸಿ ಆರಿಸಿ ಕೊಟ್ಟಿದ್ದೆ ಕಣೆ. ಯಾವ ಮನೇಲಿ ನೋಡ್ಕೊಳ್ಳೋರು ತುಂಬಾ ಜಾಗರೂಕರೋ ಅಲ್ಲಿಗೆ ಮಾತ್ರ ಖಾಲಿ ಡಬ್ಬಿ. ನಿನ್ನ ದಾರ ನೋಡಿದೆ. ಈ ಹುಡುಗಿ ಇರೋವಾಗ ಮೇಷ್ಟ್ರಿಗೆ ಏನೂ ಆಗಲ್ಲ ಅಂದ್ಕೊಂಡೆ.”

“ದಾರ ಬಿಚ್ಚು ಅಂದಿದ್ದು ನೀವೇ ಅಲ್ವಾ ಅಕ್ಕ?”

ಅಕ್ಕನ ತುಟಿ ಅಲ್ಲಾಡಿತು. ಇಷ್ಟು ಓದಿದ, ಇಷ್ಟು ಮನೆ ಸುತ್ತಿದ ಆ ಹೆಂಗಸಿಗೆ ಅದು ಆ ಕ್ಷಣದವರೆಗೂ ಹೊಳೆದೇ ಇರಲಿಲ್ಲ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಯಾರ ಎಚ್ಚರವನ್ನು ನಂಬಿ ಖಾಲಿ ಡಬ್ಬಿ ಕೊಟ್ಟರೋ, ಆ ಎಚ್ಚರವನ್ನು ತಾವೇ ಜೋಗುಳ ಹಾಡಿ ಮಲಗಿಸಿದ್ದರು.

“ಇನ್ನೊಂದು ಪ್ರಶ್ನೆ,” ಎಂದರು ಮೇಡಮ್. “ಬೆಳಗ್ಗೆ ನೀವು ಇದನ್ನ ಬಿಚ್ಚೋವಾಗ ದೀಪ ಉರೀತಿತ್ತಾ?”

“ಉರೀತಿತ್ತು.”

“ಅಂದ್ರೆ ಪ್ಲಗ್ ಹಾಕಿತ್ತು.”

“ಹಾಕಿತ್ತು.”

ಬೆಳಗಿನಿಂದ ಅಳುತ್ತಿದ್ದ ಮಗಳು ಈಗ ಅಳಲಿಲ್ಲ. ಅಣ್ಣ ಮಾತ್ರ ಮಂಚದ ಕಾಲು ಹಿಡಿದು ಕುಕ್ಕರಿಸಿದ. “ನಾನು ಊರಿಗೆಲ್ಲ ಹೇಳಿಬಿಟ್ಟೆ,” ಎಂದ. “ತಂಗಿ, ನಾನು ಎಲ್ಲರಿಗೂ ಫೋನ್ ಮಾಡಿ ಹೇಳಿಬಿಟ್ಟೆ.” ಅವಳು ಅವನ ಕಡೆ ನೋಡಲಿಲ್ಲ. ನೋಡಬೇಕೆಂದೇನೂ ಇರಲಿಲ್ಲ.

ನಾನು ಬೇಡಿ ತೆಗೆದೆ. ಮೇಡಮ್ ತಡೆದರು.

ಅವರು ಬಾಯಿ ತೆರೆಯುವ ಮೊದಲೇ ಮಗಳು ಕೇಳಿದಳು. “ಇನ್ನೂ ಎಷ್ಟು ಮನೇಲಿ ಖಾಲಿ ಡಬ್ಬಿ ಇದೆ ಅಕ್ಕ?”

* * *

ಕಿಟಕಿಯ ಬಿಸಿಲು ಗೋಡೆ ಹತ್ತುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಆ ಮನೆಗಳಲ್ಲಿ ಜನ ಹಸಿರು ದೀಪ ನೋಡಿ, ಸಮಾಧಾನದಿಂದ ಪಕ್ಕದ ಕೋಣೆಗೆ ಹೋಗಿ ಮಲಗುತ್ತಾರೆ.

ಯಾವ ಮನೆ ಎಂಬುದು ಅಕ್ಕನೊಬ್ಬರಿಗೇ ಗೊತ್ತು. ಅವರು ಫೋನ್ ನಂಬರುಗಳನ್ನು ಹೇಳುತ್ತ ಹೋದರು. ಮೇಡಮ್ ಕರೆ ಮಾಡುತ್ತ ಹೋದರು. ಒಂದು ಮನೆಯಲ್ಲಿ ಸೊಸೆ ಫೋನ್ ಇಡುವುದನ್ನೂ ಮರೆತು ಅತ್ತೆಯ ಕೋಣೆಗೆ ಓಡಿದ ಸದ್ದು ಕೇಳಿಸಿತು. ಇನ್ನೊಂದರಲ್ಲಿ ಗಂಡಸೊಬ್ಬ ಬಾಯಿಗೆ ಬಂದಂತೆ ಬೈದ. ಮೇಡಮ್ ಅಷ್ಟನ್ನೂ ಕೇಳಿಸಿಕೊಂಡರು. ನಾನು ಕನ್ನಡಕದವನಿಗೆ ಕಂಪನಿಗೆ ಫೋನ್ ಮಾಡಿ ನಿಜವಾದ ಡಬ್ಬಿಗಳನ್ನು ಗಾಡಿಗೆ ತುಂಬಿಸಲು ಹೇಳು ಎಂದೆ. ಮುಖ್ಯಸ್ಥರನ್ನು ಠಾಣೆಗೆ ಕರೆತರಲು ಬೇರೆ ಜೀಪು ಹೊರಟಿತ್ತು.

ಕೊನೆಯ ನಂಬರು ಒಬ್ಬ ನಿವೃತ್ತ ರೈಲ್ವೆ ಗಾರ್ಡಿನದು. ಹಾಸಿಗೆ ಹಿಡಿದ ಹೆಂಡತಿಯನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಮೇಡಮ್ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು.

“ಪೊಲೀಸು ಅಂತೀರಿ,” ಮುದುಕರು ನಕ್ಕರು. “ಇಂಥ ಫೋನು ದಿನಾ ಬರ್ತವೆ ತಾಯಿ. ಈಗ ಬ್ಯಾಂಕಿನ ನಂಬರ್ ಕೇಳ್ತೀರಿ, ಅಲ್ವಾ? ನಮ್ಮ ಡಬ್ಬಿ ಚೆನ್ನಾಗೇ ಇದೆ. ಏನಿದ್ರೂ ಅಕ್ಕ ಹೇಳ್ತಾರೆ. ಅಕ್ಕ ಹೇಳಿದ್ರೆ ಮಾತ್ರ ನಂಬ್ತೀನಿ.”

ಮೇಡಮ್ ಫೋನನ್ನು ಅಕ್ಕನ ಮುಂದೆ ಹಿಡಿದರು.

“ಅಜ್ಜ, ನಾನು,” ಎಂದರು ಅಕ್ಕ. “ಆ ಡಬ್ಬೀನ ನಂಬಬೇಡಿ. ಅದು ಖಾಲಿ.”

“ಕೆಟ್ಟುಹೋಗಿದೆಯಾ?”

“ಕೆಟ್ಟಿಲ್ಲ. ಅದರಲ್ಲಿ ಮೊದಲಿಂದಲೂ ಏನೂ ಇರಲಿಲ್ಲ.”

ಅವರೂ ಬೈಯುತ್ತಾರೆ ಎಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಅಯ್ಯೋ,” ಎಂದರು ಮುದುಕರು. “ನಿಮಗೆ ಯಾರೋ ಮೋಸ ಮಾಡಿಬಿಟ್ಟಿದ್ದಾರಲ್ಲ ತಾಯಿ! ನೀವು ಬೇಜಾರು ಮಾಡ್ಕೋಬೇಡಿ. ಒಳ್ಳೇದು ಬಂದಾಗ ತಂದುಕೊಡಿ. ಅಲ್ಲೀತನಕ ಇದೇ ಇರ್ಲಿ ಬಿಡಿ. ಆ ದೀಪ ಕಾಣ್ತಾ ಇದ್ರೆ ನನಗೆ ನಿದ್ದೆ ಹತ್ತುತ್ತೆ.”

ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಮಗಳು ಎದ್ದು ಬಂದು ಮೇಡಮ್ ಕೈಯಿಂದ ಫೋನು ತೆಗೆದುಕೊಂಡಳು.

“ಅಜ್ಜ, ಮೊದಲು ಆ ದೀಪ ಆರಿಸಿ. ಇವತ್ತು ಪಕ್ಕದ ರೂಮಿಗೆ ಹೋಗಬೇಡಿ. ಅಜ್ಜಿ ಪಕ್ಕದಲ್ಲೇ ಮಲಗಿ.”

“ನೀನ್ಯಾರಮ್ಮ?”

“ನಮ್ಮನೇಲೂ ಇದೇ ಡಬ್ಬಿ ಇತ್ತು ಅಜ್ಜ. ನಿನ್ನೆ ರಾತ್ರಿ ದೀಪ ಚೆನ್ನಾಗೇ ಉರೀತಿತ್ತು. ನಮ್ಮಪ್ಪ ಹೋಗಿಬಿಟ್ರು.”